ಅವರೆಕಾಯಿ ಸುಲಿಯುತ್ತಾ ಕಲಿತ ನಾಟಕ

ನಾನು ಬರೆದ ಮೊದಲ ದೊಡ್ಡ ನಾಟಕದಲ್ಲಿ ತಾಯಿಯೊಬ್ಬಳು ಒಂದೂವರೆ ಪುಟ ಒಂದೇ ಸಮನೆ ಮಾತಾಡುತ್ತಿದ್ದಳು. ಈಗ ಆ ಜಾಗದಲ್ಲಿ ಎರಡು ಸಾಲಿನ ರಂಗಸೂಚನೆ ಇದೆ, ಅಷ್ಟೇ. ಆ ಒಂದೂವರೆ ಪುಟ ಎಲ್ಲಿಗೆ ಹೋಯಿತು ಅಂತ ಹೇಳಬೇಕು ಅನ್ನಿಸುತ್ತಿದೆ.

ನಾನು ತಿಪಟೂರು ಕಡೆಯವಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ನಾಟಕ ಬರೆದುಕೊಟ್ಟು ರೂಢಿಯಿತ್ತು. ಜೊತೆಗೆ ಕತೆ ಬರೆಯುತ್ತಿದ್ದೆ. ಕತೆಯೊಳಗಿನ ಮಾತನ್ನು ಬಿಡಿಸಿ, ಪಾತ್ರದ ಹೆಸರಿನ ಮುಂದೆ ಬರೆದರೆ ನಾಟಕ ಆಗುತ್ತದೆ ಅಂದುಕೊಂಡಿದ್ದೆ. ಹಾಗೇ ಒಂದು ಮನೆ ಪಾಲಾಗುವ ಕತೆಯನ್ನು 70 ಪುಟದ ನಾಟಕ ಮಾಡಿ ಒಂದು ಹವ್ಯಾಸಿ ತಂಡಕ್ಕೆ ಕೊಟ್ಟೆ. ಏಳೆಂಟು ತಿಂಗಳು ಇಟ್ಟುಕೊಂಡು ವಾಪಸ್ ಕೊಟ್ಟರು. ಏನು ಸರಿಯಿಲ್ಲ ಅಂತ ಒಬ್ಬರೂ ಹೇಳಲಿಲ್ಲ. ಆಡುವುದಿಲ್ಲ ಅಂದಿದ್ದರೆ ಸಹಿಸುತ್ತಿದ್ದೆ. ಆ ಮೌನ ತುಂಬಾ ದಿನ ಕಾಡಿತು.

ಆಮೇಲೆ ಗೆಳತಿಯೊಬ್ಬಳು ನಾಟಕ ರಚನೆಯ ಶಿಬಿರದ ವಿಷಯ ತಿಳಿಸಿದಳು. ಡಿಸೆಂಬರ್ ಕೊನೆ, ಹತ್ತು ದಿನ, ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ರಜೆ ಹಾಕಿ ಹೋದೆ. ನಾವು ಹದಿನಾರು ಜನ ಇದ್ದೆವು. ತಂದಿದ್ದ ಹಸ್ತಪ್ರತಿಗಳನ್ನೆಲ್ಲ ಮೊದಲ ದಿನವೇ ತೆಗೆದುಕೊಂಡು ಬೀರುವಿನಲ್ಲಿಟ್ಟರು. ನಮ್ಮ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಬಸ್ ಸ್ಟ್ಯಾಂಡಿಗೆ ಕಳಿಸಿದರು. ಅರ್ಧ ಗಂಟೆ ಕೂತು, ಕೇಳಿದ ಮಾತನ್ನು ಕೇಳಿದ ಹಾಗೇ ಬರೆಯಬೇಕು. ತಿದ್ದುವ ಹಾಗಿಲ್ಲ.

ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಅಮ್ಮ, ಒಬ್ಬ ಮಗ. "ಊಟ ಆಯ್ತಾ?" ಅಂತ ಅವಳು. "ಬಸ್ಸು ಎಷ್ಟೊತ್ತಿಗಂತೆ?" ಅಂತ ಅವನು. "ನಿಮ್ಮಪ್ಪನಿಗೆ ಫೋನ್ ಮಾಡಿದ್ಯಾ?" "ಚಾರ್ಜ್ ಇಲ್ಲ." ಸಂಜೆ ಹದಿನಾರೂ ಜನ ಓದಿದಾಗ ಎಲ್ಲರ ನೋಟ್‌ಬುಕ್ಕಿನಲ್ಲೂ ಹೆಚ್ಚುಕಮ್ಮಿ ಇದೇ ಥರ. ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಟ್ಟವರು ಅಪರೂಪ. ನನ್ನ ನಾಟಕದಲ್ಲೋ, ಎಲ್ಲರೂ ಪರೀಕ್ಷೆಗೆ ಕೂತ ಹಾಗೆ ಪೂರ್ತಿ ವಾಕ್ಯದಲ್ಲಿ ಉತ್ತರಿಸುತ್ತಿದ್ದರು. ಭಾಷೆಯೂ ಪಠ್ಯಪುಸ್ತಕದ್ದೇ. "ನೀನು ಎಲ್ಲಿಗೆ ಹೋಗಿದ್ದೆ?" ಅಂತ ಬರೆದಿದ್ದೆ. ನಮ್ಮಮ್ಮ ಯಾವತ್ತಾದರೂ ಹಾಗೆ ಕೇಳಿದ್ದಾಳಾ? "ಎಲ್ಗೋಗಿದ್ದೆ?" ಅಂತಲೇ ಅವಳು ಕೇಳೋದು.

ಮೂರನೇ ದಿನದ ಅಭ್ಯಾಸವನ್ನು ಇವತ್ತಿಗೂ ಬಿಟ್ಟಿಲ್ಲ. ಇಬ್ಬರು ಇರಬೇಕು. ಒಬ್ಬರಿಗೆ ಏನೋ ಬೇಕು, ಇನ್ನೊಬ್ಬರು ಕೊಡಲ್ಲ. ಆ ವಸ್ತುವಿನ ಹೆಸರನ್ನು ಇಬ್ಬರೂ ಎತ್ತಬಾರದು. ಹದಿನೈದು ನಿಮಿಷ ಟೈಮು. ಅಕ್ಕನ ಚಿನ್ನದ ಸರ ಅಡವಿಡಲು ಕೇಳಿಕೊಂಡು ಬಂದ ತಮ್ಮನನ್ನು ನಾನು ಬರೆದೆ. ಇಬ್ಬರೂ ಕೊನೇತನಕ ಕೊಬ್ಬರಿ ರೇಟಿನ ಬಗ್ಗೆಯೇ ಮಾತಾಡಿದರು. ಓದಿ ಮುಗಿಸಿದಾಗ ಒಬ್ಬರು, "ಅವಳು ಸರ ಕೊಡಲ್ಲ ಅಲ್ವಾ?" ಅಂದರು. ಸರ ಅನ್ನೋ ಶಬ್ದವೇ ಅದರಲ್ಲಿರಲಿಲ್ಲ. ಅಕ್ಕ ಎರಡು ಸಲ ಕುತ್ತಿಗೆ ಮುಟ್ಟಿಕೊಂಡಿದ್ದಳು ಅಷ್ಟೇ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿಯಾಗಿತ್ತು.

ಐದನೇ ದಿನ ಬೀರು ತೆಗೆದರು. ನಾಟಕವನ್ನು ಬೇರೆಯವರು ಓದುತ್ತಾರೆ. ಬರೆದವರು ಬಾಯಿ ಬಿಡಬಾರದು, ವಿವರಣೆ ಕೊಡಬಾರದು. ಕೈಯಲ್ಲಿ ಪೆನ್ಸಿಲ್ ಹಿಡಿದು, ಕೇಳುವವರು ಎಲ್ಲಿ ಮಿಸುಕಾಡಿದರು, ಎಲ್ಲಿ ನೀರಿನ ಬಾಟಲಿ ತೆಗೆದರು ಅಂತ ಗುರುತು ಹಾಕಬೇಕು. ನನ್ನ ನಾಟಕ 2 ಗಂಟೆ 10 ನಿಮಿಷ ಹಿಡಿಯಿತು. ಅತಿ ಜಾಸ್ತಿ ಗುರುತು ಬಿದ್ದಿದ್ದು ತಾಯಿಯ ಆ ಒಂದೂವರೆ ಪುಟದ ಮೇಲೆ. ನಾನು ಅತ್ತುಕೊಂಡು ಬರೆದಿದ್ದ ಪುಟ ಅದು.

ಮಾರನೇ ದಿನ ಅದೇ ದೃಶ್ಯವನ್ನು ಆಡಿಸಿ ನೋಡಿದರು. ತಾಯಿ ಪಾತ್ರಕ್ಕೆ ಬಂದಿದ್ದ ಹುಡುಗಿ ಹೆಗ್ಗೋಡಿನ ನಾಟಕ ಶಾಲೆ ನೀನಾಸಮ್‌ನಲ್ಲಿ ಕಲಿತವಳು. ಅರ್ಧ ಪುಟ ಹೇಳಿ ನಿಲ್ಲಿಸಿದಳು. "ಮೇಡಂ, ಇವಳು ಇಷ್ಟೊತ್ತು ಏನು ಮಾಡ್ತಾ ಇರ್ತಾಳೆ?" "ಮಾತಾಡ್ತಾ ಇರ್ತಾಳೆ" ಅಂದೆ. "ಕೈ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೊಗಡಿನ ಅವರೆಯ ಕಾಲ ಅದು, ಅಡುಗೆಮನೆಯಲ್ಲಿ ಮೂಟೆಯೇ ಇತ್ತು. ಅವಳು ಹೋಗಿ ಒಂದು ಮೊರ ಅವರೆಕಾಯಿ, ಒಂದು ಸ್ಟೀಲ್ ಬೋಗುಣಿ ತಂದು ಕೂತು ಸುಲಿಯತೊಡಗಿದಳು. ಕಾಳು ಬೋಗುಣಿಗೆ ಬೀಳುವ ಟಣ್ ಟಣ್ ಸದ್ದು ಬಿಟ್ಟರೆ ಏನೂ ಇಲ್ಲ. ಮಗನ ಪಾತ್ರದವನು ಒಳಗೆ ಬಂದು, "ಅಮ್ಮ, ನಾಳೆ ಸರ್ವೆಯವರು ಬರ್ತಾರೆ" ಅಂದ. ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಅವಳು ಇನ್ನೊಂದು ಕಾಯಿ ಬಿಡಿಸಿದಳು. ಕಾಳನ್ನು ಸಿಪ್ಪೆಯ ರಾಶಿಗೆ ಹಾಕಿದಳು. ಇನ್ನೊಂದನ್ನೂ ಅಲ್ಲಿಗೇ ಹಾಕಿದಳು. ಯಾರೂ ಕೆಮ್ಮಲಿಲ್ಲ. ನಾನು ಅಲ್ಲೇ ಕೂತು ಆ ಒಂದೂವರೆ ಪುಟಕ್ಕೆ ಅಡ್ಡಗೆರೆ ಎಳೆದೆ.

ಹಾಗಂತ ಉದ್ದ ಮಾತೇ ಬೇಡ ಅಂತಲ್ಲ. ಗಿರೀಶ ಕಾರ್ನಾಡರ 'ತುಘಲಕ್'ನಲ್ಲಿ (1964) ಸುಲ್ತಾನ ಎಷ್ಟು ಮಾತಾಡುತ್ತಾನೆ! ಆದರೆ ಅವನು ಮಾತಾಡುವಾಗಲೆಲ್ಲ ಎದುರಿಗಿರುವವರಿಂದ ಏನನ್ನೋ ಕಿತ್ತುಕೊಳ್ಳುತ್ತಿರುತ್ತಾನೆ. ನನ್ನ ನಾಟಕದ ತಾಯಿ ಯಾರಿಂದಲೂ ಏನನ್ನೂ ಕೇಳುತ್ತಿರಲಿಲ್ಲ, ಸುಮ್ನೆ ತನ್ನ ದುಃಖವನ್ನು ವರ್ಣಿಸುತ್ತಿದ್ದಳು.

ಇನ್ನೊಂದು ದೊಡ್ಡ ಪಾಠವೂ 'ತುಘಲಕ್'ನಿಂದಲೇ ಸಿಕ್ಕಿತು. ನನ್ನ ನಾಟಕದಲ್ಲಿ ಹನ್ನೊಂದು ಜಾಗಗಳಿದ್ದವು. ಮನೆ, ತೋಟ, ತಾಲ್ಲೂಕು ಕಚೇರಿ, ಹೋಟೆಲ್ಲು ಹೀಗೆ. ಯಾರು ಸೆಟ್ ಬದಲಾಯಿಸಬೇಕು? ಶಿಬಿರದ ಮೇಷ್ಟ್ರು ಹಳೇ ಪಾರ್ಸಿ ನಾಟಕ ಕಂಪನಿಗಳ ಪದ್ಧತಿ ವಿವರಿಸಿದರು. ಪರದೆಯ ಮುಂದೆ ಸಣ್ಣ ಜನರ, ಹಾಸ್ಯದ ದೃಶ್ಯ ನಡೆಯುತ್ತಿರುತ್ತದೆ. ಅಷ್ಟರಲ್ಲಿ ಹಿಂದೆ ಅರಮನೆಯ ಸೆಟ್ ಸಿದ್ಧವಾಗುತ್ತದೆ. ಆ ಕ್ರಮವನ್ನೇ ತಾನು 'ತುಘಲಕ್'ಗೆ ತೆಗೆದುಕೊಂಡೆ ಅಂತ ಕಾರ್ನಾಡರೇ ಬರೆದಿದ್ದಾರೆ. ಅಗಸ ಅಜೀಜ್, ಅವನ ಗೆಳೆಯ ಆಜಮ್ ಮುಂದೆ, ಸುಲ್ತಾನ ಹಿಂದೆ. ಆದರೆ ಕೊನೆಯ ಹೊತ್ತಿಗೆ ಅಜೀಜ್ ಸುಲ್ತಾನನ ಎದುರಿಗೇ ಬಂದು ನಿಲ್ಲುತ್ತಾನೆ. ಸೆಟ್ ಬದಲಾಯಿಸುವ ಉಪಾಯವೇ ನಾಟಕದ ಜೀವಾಳ ಆಗಿಬಿಟ್ಟಿದೆ ನೋಡಿ. ನಾನು ಈ ನಾಟಕವನ್ನು ಎಷ್ಟು ವರ್ಷ ಮಕ್ಕಳ ಮುಂದೆ ಹೊಗಳಿದ್ದೇನೋ, ಇದು ಕಣ್ಣಿಗೆ ಬಿದ್ದಿರಲಿಲ್ಲ. ಬರೆಯುವವಳ ಕಣ್ಣಿಂದ ನಾನು ಓದಿರಲೇ ಇಲ್ಲ.

ಹನ್ನೊಂದು ಜಾಗ ಎರಡಾದವು: ಪಡಸಾಲೆ, ಜಗಲಿ. ಪಾಲು ಕೇಳಲು ಬಂದ ತಮ್ಮನನ್ನು ಜಗಲಿಯಲ್ಲೇ ಕೂರಿಸಿದೆ. ಕಾಫಿಯೂ ಅಲ್ಲಿಗೇ ಬರುತ್ತದೆ, ಜಗಳವೂ ಅಲ್ಲೇ. ಕೊನೆಯ ದೃಶ್ಯದಲ್ಲಿ ಮಾತ್ರ ಅವನು ಹೊಸ್ತಿಲು ದಾಟುತ್ತಾನೆ. ಆಗ ಮನೆ ಖಾಲಿ. ನಾಟಕ 52 ಪುಟಕ್ಕೆ ಇಳಿಯಿತು. ಮುಂದಿನ ವರ್ಷ ಶಿಬಿರದ ಗೆಳೆಯರೇ ನಮ್ಮೂರ ಶಾಲೆಯ ಅಂಗಳದಲ್ಲಿ ಆಡಿದರು. ಅಂದು ಅವರೆಕಾಯಿ ಸಿಗದೆ ತೊಗರಿಕಾಯಿ ತಂದಿದ್ದರು. ಕಾಳು ಸಣ್ಣದು, ಸದ್ದು ಸಾಲಲಿಲ್ಲ. ಆ ದೃಶ್ಯಕ್ಕೆ ಆ ಸದ್ದು ಎಷ್ಟು ಬೇಕಿತ್ತು ಅಂತ ಅವತ್ತು ಗೊತ್ತಾಯಿತು. ಈಗ ಕಾಲವಲ್ಲದ ಕಾಲದಲ್ಲಿ ಆಡಿದರೆ ಕಡಲೆಕಾಯಿ ಬಿಡಿಸಿ ಅಂತ ಹಸ್ತಪ್ರತಿಯಲ್ಲೇ ಸೇರಿಸಿದ್ದೇನೆ.

ಈಗ ನಾವು ನಾಲ್ಕು ಜನ ತಿಂಗಳ ಎರಡನೇ ಭಾನುವಾರ ನಮ್ಮ ಮನೆಯಲ್ಲಿ ಸೇರುತ್ತೇವೆ. ಶಿಬಿರದ ನಿಯಮಗಳೇ. ಬರೆದವರು ಓದುವ ಹಾಗಿಲ್ಲ, ಓದಿ ಮುಗಿಯುವವರೆಗೆ ಮಾತಾಡುವ ಹಾಗಿಲ್ಲ. ಎಲ್ಲರ ಕೈಯಲ್ಲೂ ಪೆನ್ಸಿಲ್. ನಾಟಕ ಬರೆದಿದ್ದೇನೆ, ಏನು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ತಂಡಕ್ಕೆ ಕೊಡುವ ಮೊದಲು ನಾಲ್ಕು ಜನರನ್ನು ಮನೆಗೆ ಕರೆಯಿರಿ. ಅವರಿಂದ ಗಟ್ಟಿಯಾಗಿ ಓದಿಸಿ. ನೀವು ಮೂಲೆಯಲ್ಲಿ ಸುಮ್ಮನೆ ಕೂತು ಕೇಳಿ.

ಸದ್ಯ ನನ್ನ ಹೊಸ ನಾಟಕ ಎರಡನೇ ದೃಶ್ಯದಲ್ಲಿ ನಿಂತಿದೆ. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬ, ಅವನ ಸೊಸೆ. ಅವನ ಕೈಗೆ ಏನು ಕೆಲಸ ಕೊಡಬೇಕು ಅಂತ ಎರಡು ವಾರದಿಂದ ಯೋಚಿಸುತ್ತಿದ್ದೇನೆ.