ಕೇಬಲ್ ಕನೆಕ್ಷನ್ ಇಲ್ಲದೆ ಪಂದ್ಯಗಳ ನೇರಪ್ರಸಾರ ನೋಡುವುದು ಹೇಗೆ?

ಸಿನಿಮಾ ನೋಡುವಾಗ ಆ್ಯಪ್ ಮುಂದಿನ ದೃಶ್ಯಗಳನ್ನು ಮೊದಲೇ ಇಳಿಸಿ ಇಟ್ಟುಕೊಂಡಿರುತ್ತದೆ. ನಡುವೆ ಇಂಟರ್ನೆಟ್ ಅರ್ಧ ನಿಮಿಷ ಕೈಕೊಟ್ಟರೂ ನೋಡುವವರಿಗೆ ಗೊತ್ತಾಗುವುದಿಲ್ಲ. ಪಂದ್ಯದ ನೇರಪ್ರಸಾರಕ್ಕೆ ಆ ಅನುಕೂಲ ಇಲ್ಲ. ಮುಂದಿನ ಎಸೆತ ಇನ್ನೂ ಬಿದ್ದೇ ಇಲ್ಲ, ಅದನ್ನು ಮುಂಚೆ ಇಳಿಸಿಕೊಳ್ಳುವುದು ಎಲ್ಲಿಂದ? ಆ್ಯಪ್ ಬಳಿ ಇರುವುದು ಕೆಲವೇ ಸೆಕೆಂಡುಗಳ ದಾಸ್ತಾನು. ಹಾಗಾಗಿ ದಿನವೂ ಸಿನಿಮಾ ಸರಾಗವಾಗಿ ಓಡುವ ಮನೆಯಲ್ಲೇ ಫೈನಲ್ ಪಂದ್ಯ ತಡವರಿಸುತ್ತದೆ. ಕೇಬಲ್ ಬಿಟ್ಟು ಸ್ಟ್ರೀಮಿಂಗ್‌ಗೆ ಬರುವವರು ಮಾಡಿಕೊಳ್ಳಬೇಕಾದ ಸಿದ್ಧತೆಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಪ್ರಸಾರದ ಹಕ್ಕು ಯಾರ ಬಳಿ ಇದೆ?

ಆ್ಯಪ್ ಆರಿಸಿಕೊಂಡು ಆಮೇಲೆ ಪಂದ್ಯ ಹುಡುಕಬೇಡಿ. ನೀವು ನೋಡಲೇಬೇಕಾದ ಟೂರ್ನಿಗಳ ಪಟ್ಟಿ ಮಾಡಿ, ಒಂದೊಂದಕ್ಕೂ ನಿಮ್ಮ ದೇಶದಲ್ಲಿ ಹಕ್ಕು ಯಾರದು ಎಂದು ಆ ಟೂರ್ನಿಯ ಅಧಿಕೃತ ತಾಣದಲ್ಲೇ ನೋಡಿ. ಹಕ್ಕುಗಳು ದೇಶವಾರು, ಇಂತಿಷ್ಟು ವರ್ಷಕ್ಕೆ ಎಂದು ಮಾರಾಟವಾಗುತ್ತವೆ. ಕಳೆದ ವರ್ಷ ನೋಡಿದ ಆ್ಯಪ್‌ನಲ್ಲೇ ಈ ವರ್ಷವೂ ಸಿಗುತ್ತದೆ ಎನ್ನುವಂತಿಲ್ಲ. ಟಿವಿ ಹಕ್ಕು ಒಬ್ಬರಿಗೆ, ಡಿಜಿಟಲ್ ಹಕ್ಕು ಇನ್ನೊಬ್ಬರಿಗೆ ಹೋಗುವುದೂ ಉಂಟು. 2022ರ ಹರಾಜಿನಲ್ಲಿ ಐಪಿಎಲ್‌ಗೆ ಹೀಗೇ ಆಗಿತ್ತು. ಚಾನೆಲ್‌ನ ಹೆಸರು ಗೊತ್ತಿದ್ದ ಮಾತ್ರಕ್ಕೆ ಅದರ ಆ್ಯಪ್‌ನಲ್ಲಿ ಪಂದ್ಯ ಇದೆ ಎಂದು ಹಣ ಕಟ್ಟಿದರೆ ಮೋಸ ಹೋಗಬಹುದು.

ನೋಡುವ ದಾರಿಗಳು ಸ್ಥೂಲವಾಗಿ ನಾಲ್ಕು. ಹಕ್ಕು ಪಡೆದ ಸಂಸ್ಥೆಯ ಸ್ವಂತ ಆ್ಯಪ್ ಒಂದು. ಹತ್ತಾರು ಚಾನೆಲ್‌ಗಳನ್ನು ಒಟ್ಟಿಗೆ ಇಂಟರ್ನೆಟ್ ಮೂಲಕ ಕೊಡುವ ಲೈವ್ ಟಿವಿ ಪ್ಯಾಕೇಜ್ ಇನ್ನೊಂದು. ಎನ್‌ಬಿಎ, ಫಾರ್ಮುಲಾ ಒನ್ ತರಹ ಲೀಗ್‌ಗಳೇ ನಡೆಸುವ ಸೇವೆ ಮೂರನೆಯದು. ನಾಲ್ಕನೆಯದನ್ನು ಬಹಳ ಜನ ಮರೆತೇಬಿಟ್ಟಿದ್ದಾರೆ: ಆಂಟೆನಾ. ಟವರ್‌ನಿಂದ ಡಿಜಿಟಲ್ ಪ್ರಸಾರ ಸಿಗುವ ಕಡೆ, ಉಚಿತ ಚಾನೆಲ್‌ನಲ್ಲಿ ಬರುವ ಪಂದ್ಯಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಡೇಟಾ ಖರ್ಚಾಗುವುದಿಲ್ಲ, ಬಫರಿಂಗ್ ಇಲ್ಲ, ಸ್ಟ್ರೀಮಿಂಗ್‌ಗಿಂತ ಸಾಮಾನ್ಯವಾಗಿ ಮೊದಲೇ ಚಿತ್ರ ಬರುತ್ತದೆ.

ಹಣ ಕಟ್ಟಿದ ಮೇಲೂ ಪಂದ್ಯ ಕಾಣದಿದ್ದರೆ ಬ್ಲ್ಯಾಕ್‌ಔಟ್ ನಿಯಮ, ಅಂದರೆ ಕೆಲವು ಪಂದ್ಯಗಳನ್ನು ಕೆಲವು ಕಡೆ ನೇರವಾಗಿ ತೋರಿಸಬಾರದು ಎಂಬ ಕಟ್ಟುಪಾಡು ಇದೆಯೇ ಎಂದು ನೋಡಿ. ಬ್ರಿಟನ್ನಿನಲ್ಲಿ ಶನಿವಾರ ಮಧ್ಯಾಹ್ನ 3 ಗಂಟೆಗೆ ಶುರುವಾಗುವ ಪ್ರೀಮಿಯರ್ ಲೀಗ್ ಪಂದ್ಯಗಳನ್ನು ಯಾವ ಚಾನೆಲ್ಲೂ ನೇರವಾಗಿ ತೋರಿಸುವುದಿಲ್ಲ. ಮೈದಾನಕ್ಕೆ ಜನ ಬರುವುದು ಕಡಿಮೆಯಾಗಬಾರದು ಎಂಬ ಹಳೆಯ ನಿಯಮ ಅದು. ಅಮೆರಿಕದ ಬೇಸ್‌ಬಾಲ್ ಲೀಗ್‌ನ ಸ್ಟ್ರೀಮಿಂಗ್ ಸೇವೆಯಾದ ಎಂಎಲ್‌ಬಿ ಡಾಟ್ ಟಿವಿಯ ಮೂಲ ಚಂದಾದಲ್ಲಿ ದೂರದ ಊರುಗಳ ತಂಡ ಸಿಗುತ್ತದೆ, ನೋಡುವವರ ಊರಿನ ತಂಡವೇ ಸಿಗುವುದಿಲ್ಲ. ಚಂದಾ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುವುದು ಇಂಥವನ್ನೇ. ಅದನ್ನು ಓದಿ. ಜೊತೆಗೆ ಇನ್ನೆರಡನ್ನು ಅಲ್ಲೇ ಖಚಿತಪಡಿಸಿಕೊಳ್ಳಿ: ಆ ಪ್ಲಾನ್ ಟಿವಿಯಲ್ಲಿ ಓಡುತ್ತದೆಯೋ ಫೋನಿಗೆ ಮಾತ್ರವೋ, ಮತ್ತು ಒಂದೇ ಹೊತ್ತಿಗೆ ಎಷ್ಟು ಪರದೆಗಳಲ್ಲಿ ನೋಡಬಹುದು.

ಎಷ್ಟು ವೇಗ, ಎಷ್ಟು ಡೇಟಾ?

ಫುಲ್ ಎಚ್‌ಡಿಯಲ್ಲಿ ಪಂದ್ಯ ನೋಡಲು ಸುಮಾರು 6ರಿಂದ 8 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ವೇಗ ಬೇಕು, 4ಕೆ ಆದರೆ 25ರ ಆಸುಪಾಸು. ಆದರೆ ಇದು ಆ ಪರದೆಯೊಂದಕ್ಕೇ ಸಿಗಬೇಕಾದ ವೇಗ. ಮನೆಯ ಉಳಿದವರ ಫೋನು, ಲ್ಯಾಪ್‌ಟಾಪ್‌ಗಳನ್ನೂ ಲೆಕ್ಕಕ್ಕೆ ಹಿಡಿದು ಕನಿಷ್ಠ ಎರಡರಷ್ಟು ಇಟ್ಟುಕೊಳ್ಳಿ. ಸ್ಪೀಡ್ ಟೆಸ್ಟನ್ನು ರೂಟರ್ ಪಕ್ಕ ಕೂತು ಫೋನಿನಲ್ಲಿ ಮಾಡಿದರೆ ಉಪಯೋಗವಿಲ್ಲ. ಟಿವಿಯ ಬ್ರೌಸರ್‌ನಲ್ಲಿ ಅಥವಾ ಟಿವಿಯ ಹಿಂದೆಯೇ ಫೋನ್ ಹಿಡಿದು, ಪಂದ್ಯ ನಡೆಯುವ ಹೊತ್ತಿನಲ್ಲೇ ಮಾಡಿ. ಸಂಜೆ ಬೀದಿಯವರೆಲ್ಲ ಒಟ್ಟಿಗೆ ನೆಟ್ ಬಳಸುವಾಗ ಸಿಗುವ ವೇಗವೇ ನಿಜವಾದ ವೇಗ.

ಡೇಟಾ ಲೆಕ್ಕ ಸುಲಭ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ 8 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 1 ಎಂಬಿ (ಮೆಗಾಬೈಟ್), ಗಂಟೆಗೆ 3.6 ಜಿಬಿ. ಮೂರೂವರೆ ಗಂಟೆಯ ಟಿ20ಗೆ 12.6 ಜಿಬಿ, ಟೆಸ್ಟ್ ಪಂದ್ಯದ ಆರು ಗಂಟೆಯ ಒಂದು ದಿನದಾಟಕ್ಕೆ 21.6 ಜಿಬಿ. ಐದೂ ದಿನ ನೋಡಿದರೆ 108 ಜಿಬಿ. ಪ್ಲಾನ್‌ನಲ್ಲಿ ಡೇಟಾ ಮಿತಿ ದಾಟಿದ ಕೂಡಲೇ ವೇಗ ಇಳಿಯುವಂತಿದ್ದರೆ ಟೂರ್ನಿಯ ಕೊನೆಯ ವಾರಕ್ಕೆ ಸರಿಯಾಗಿ ತೊಂದರೆ ಶುರುವಾಗುತ್ತದೆ.

ಟಿವಿಗೆ ತಂತಿ ಎಳೆಯಿರಿ

ಇಡೀ ಲೇಖನದಲ್ಲಿ ಒಂದೇ ಒಂದು ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ. ರೂಟರ್‌ನಿಂದ ಟಿವಿಗೆ ಒಂದು ಕ್ಯಾಟ್ 5ಇ ಅಥವಾ ಕ್ಯಾಟ್ 6 ಈಥರ್‌ನೆಟ್ ಕೇಬಲ್. ಬಹಳ ಟಿವಿಗಳ ಈಥರ್‌ನೆಟ್ ಪೋರ್ಟ್ 100 ಎಂಬಿಪಿಎಸ್‌ನದ್ದೇ ಆಗಿರುತ್ತದೆ, ವೈಫೈನಲ್ಲಿ ಅದಕ್ಕಿಂತ ದೊಡ್ಡ ಅಂಕಿ ಕಾಣಬಹುದು. ಆದರೂ ತಂತಿಯೇ ಮೇಲು. ನೇರಪ್ರಸಾರಕ್ಕೆ ಬೇಕಿರುವುದು ಏರಿಳಿಯದ 10 ಎಂಬಿಪಿಎಸ್. ಒಮ್ಮೆ 300ಕ್ಕೆ ಹಾರಿ ಮರುಕ್ಷಣ 2ಕ್ಕೆ ಬೀಳುವ ವೈಫೈಯಿಂದ ಪ್ರಯೋಜನವಿಲ್ಲ.

ತಂತಿ ಎಳೆಯಲು ಸಾಧ್ಯವೇ ಇಲ್ಲದಿದ್ದರೆ ಟಿವಿಯನ್ನು 5 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಜೋಡಿಸಿ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ ನಿಜ, ಆದರೆ ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲವೂ ಅದೇ ಬ್ಯಾಂಡ್‌ನಲ್ಲಿ ಗದ್ದಲ ಮಾಡುತ್ತವೆ. 5 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ ಸೋಲುತ್ತದೆ. ನಡುವೆ ಎರಡು ದಪ್ಪ ಗೋಡೆಗಳಿದ್ದರೆ ರೂಟರ್ ಜಾಗವನ್ನೇ ಬದಲಿಸಬೇಕಾದೀತು.

ಸ್ಟ್ರೀಮಿಂಗ್ ಸ್ಟಿಕ್ ಬಳಸುವವರು ಟಿವಿಯ ಹಿಂಬದಿಯನ್ನೊಮ್ಮೆ ನೋಡಿ. ಸ್ಟಿಕ್ ನೇರವಾಗಿ ಎಚ್‌ಡಿಎಂಐ ಪೋರ್ಟ್‌ಗೆ ಕೂತು ಟಿವಿಯ ಲೋಹದ ಬೆನ್ನಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಮುಟ್ಟಿದರೆ ಬಿಸಿ. ವೈಫೈ ಸಿಗ್ನಲ್ ಅದರವರೆಗೆ ಬರುವುದೇ ಕಷ್ಟ. ಸ್ಟಿಕ್ ಜೊತೆ ಡಬ್ಬಿಯಲ್ಲಿ ಬರುವ ಗೇಣುದ್ದದ ಎಚ್‌ಡಿಎಂಐ ತುಂಡನ್ನು ಬಹಳ ಜನ ಬೇಡವೆಂದು ಬಿಟ್ಟಿರುತ್ತಾರೆ. ಅದನ್ನು ಹಾಕಿ ಸ್ಟಿಕ್ಕನ್ನು ಹೊರಗೆ ತನ್ನಿ. ಕರೆಂಟನ್ನೂ ಟಿವಿಯ ಯುಎಸ್‌ಬಿ ಪೋರ್ಟ್‌ನಿಂದ ಕೊಡಬೇಡಿ. ಸಾಮಾನ್ಯ ಯುಎಸ್‌ಬಿ 2.0 ಪೋರ್ಟ್ ಕೊಡುವುದು 5 ವೋಲ್ಟ್‌ನಲ್ಲಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಕೆಲಸ ಹೆಚ್ಚಾದಾಗ ಅದು ಸಾಲದೆ ಸ್ಟಿಕ್ ಪಂದ್ಯದ ಮಧ್ಯೆ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಅದರದ್ದೇ ಅಡಾಪ್ಟರನ್ನು ಗೋಡೆಯ ಸಾಕೆಟ್‌ಗೆ ಹಾಕಿದರೆ ಈ ಕಾಟ ಇರುವುದಿಲ್ಲ.

ಪಕ್ಕದ ಮನೆಯವರು ಮೊದಲೇ ಕೂಗುವುದೇಕೆ?

ಸ್ಟ್ರೀಮಿಂಗ್‌ನಲ್ಲಿ ಚಿತ್ರ ತಡವಾಗಿ ಬರುವುದು ನಿಮ್ಮ ನೆಟ್‌ನ ದೋಷ ಆಗಿರಬೇಕಿಲ್ಲ. ಹೆಚ್ಚು ಬಳಕೆಯಲ್ಲಿರುವ ಎಚ್‌ಎಲ್‌ಎಸ್ ವಿಧಾನವನ್ನೇ ತೆಗೆದುಕೊಳ್ಳಿ. ವಿಡಿಯೋವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ. ಆ್ಯಪಲ್ ಶಿಫಾರಸು ಮಾಡುವ ಅಳತೆ ತುಂಡಿಗೆ 6 ಸೆಕೆಂಡ್. ಕಟ್ಟಕಡೆಯ ತುಂಡಿನಿಂದಲೇ ಶುರುಮಾಡಿದರೆ ದಾಸ್ತಾನು ಖಾಲಿಯಾಗಿ ಚಿತ್ರ ನಿಲ್ಲುತ್ತದೆ. ಹಾಗಾಗಿ ಪ್ಲೇಯರ್ ಮೂರು ತುಂಡಿನಷ್ಟು ಹಿಂದಿನಿಂದ ಶುರುಮಾಡಬೇಕು ಎಂದು 2017ರ ನಿಯಮಾವಳಿ ಹೇಳುತ್ತದೆ. ಅಲ್ಲಿಗೆ 18 ಸೆಕೆಂಡ್ ಹೋಯಿತು. ಕ್ಯಾಮೆರಾದಿಂದ ಸ್ಟುಡಿಯೋ, ಅಲ್ಲಿಂದ ವಿಡಿಯೋವನ್ನು ಕುಗ್ಗಿಸುವ ಎನ್‌ಕೋಡರ್, ಅಲ್ಲಿಂದ ಸರ್ವರ್, ಹೀಗೆ ಪ್ರತಿ ಹಂತದಲ್ಲೂ ಇನ್ನಷ್ಟು ಸೇರಿ ಒಟ್ಟು ಅರ್ಧ ನಿಮಿಷವೋ ಅದಕ್ಕಿಂತ ಹೆಚ್ಚೋ ಆಗುವುದು ಸಾಮಾನ್ಯ. 2019ರಲ್ಲಿ ಬಂದ ಕಡಿಮೆ ವಿಳಂಬದ ಎಚ್‌ಎಲ್‌ಎಸ್ ಈ ತುಂಡುಗಳನ್ನೂ ಒಡೆದು ಕಳಿಸಿ ಸಮಯ ಉಳಿಸುತ್ತದೆ, ಆದರೆ ಎಲ್ಲ ಸೇವೆಗಳೂ ಎಲ್ಲ ಸಾಧನಗಳಲ್ಲೂ ಅದನ್ನು ಬಳಸುವುದಿಲ್ಲ.

ಇದರಲ್ಲಿ ನಿಮ್ಮ ಕೈಯಲ್ಲಿರುವುದು ಎರಡೇ. ಪಂದ್ಯವನ್ನು ನಡುವೆ ನಿಲ್ಲಿಸಿಟ್ಟಷ್ಟು ಹೊತ್ತೂ, ಬಫರಿಂಗ್ ಆದಷ್ಟು ಹೊತ್ತೂ ವಿಳಂಬಕ್ಕೆ ಸೇರುತ್ತಲೇ ಹೋಗುತ್ತದೆ. ಪರದೆಯ ಮೂಲೆಯ ಲೈವ್ ಬಟನ್ ಒತ್ತಿದರೆ ಮತ್ತೆ ಮುಂದಕ್ಕೆ ಬರುತ್ತೀರಿ. ಸ್ಕೋರ್ ಆ್ಯಪ್, ಸುದ್ದಿ ಆ್ಯಪ್, ಗೆಳೆಯರ ವಾಟ್ಸ್‌ಆ್ಯಪ್ ಗುಂಪು ಇವುಗಳ ನೋಟಿಫಿಕೇಶನ್ ಪಂದ್ಯ ಮುಗಿಯುವವರೆಗೆ ಮ್ಯೂಟ್ ಮಾಡಿ. ಕೊನೆಯ ಓವರ್‌ನ ವಿಕೆಟ್ಟನ್ನು ಫೋನಿನ ಟಿಂಗ್ ಸದ್ದು ಮೊದಲೇ ಹೇಳಿಬಿಟ್ಟರೆ ಆಮೇಲೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ.

ಚಿತ್ರ ಮಸುಕಾದರೆ

ಶುರುವಿನ ಹತ್ತಿಪ್ಪತ್ತು ಸೆಕೆಂಡ್ ಮಸುಕಾಗಿದ್ದು ಆಮೇಲೆ ತಿಳಿಯಾದರೆ ಚಿಂತೆ ಇಲ್ಲ, ಆ್ಯಪ್ ನಿಮ್ಮ ನೆಟ್‌ನ ವೇಗ ಅಂದಾಜು ಮಾಡುತ್ತಿರುತ್ತದೆ. ಗುಣಮಟ್ಟವನ್ನು ಆಟೋದಲ್ಲೇ ಬಿಡಿ. ಹಟಕ್ಕೆ ಬಿದ್ದು ಅತಿ ಹೆಚ್ಚಿನದಕ್ಕೆ ಕಟ್ಟಿಹಾಕಿದರೆ, ವೇಗ ಇಳಿದಾಗ ಚಿತ್ರ ಕುಗ್ಗುವ ಬದಲು ನಿಂತೇಬಿಡುತ್ತದೆ.

ನೆಟ್ ಚೆನ್ನಾಗಿದ್ದೂ ಪಂದ್ಯಪೂರ್ತಿ ಮಸುಕಾಗಿದ್ದರೆ ಕಾರಣ ಸಾಧನದಲ್ಲಿರಬಹುದು. ಆಂಡ್ರಾಯ್ಡ್ ಸಾಧನಗಳಲ್ಲಿ ವಿಡಿಯೋ ನಕಲಾಗದಂತೆ ತಡೆಯುವ ವೈಡ್‌ವೈನ್ ಎಂಬ ರಕ್ಷಣಾ ವ್ಯವಸ್ಥೆ ಇದೆ. ಎಲ್1 ಮಟ್ಟದ ಮಾನ್ಯತೆ ಇದ್ದರೆ ಎಚ್‌ಡಿ, ಬರೀ ಎಲ್3 ಇದ್ದರೆ ಅನೇಕ ಸೇವೆಗಳು ಕೆಳಮಟ್ಟದ ಚಿತ್ರವನ್ನಷ್ಟೇ ಕೊಡುತ್ತವೆ. ಹೆಸರಿಲ್ಲದ ಅಗ್ಗದ ಬಾಕ್ಸ್‌ಗಳು ಎಡವುವುದು ಇಲ್ಲೇ. ಶಬ್ದ ಬಂದು ಪರದೆ ಕಪ್ಪಾಗಿದ್ದರೆ ಎಚ್‌ಡಿಸಿಪಿ, ಅಂದರೆ ಎಚ್‌ಡಿಎಂಐ ತಂತಿಯಲ್ಲಿ ನಕಲು ತಡೆಯುವ ವ್ಯವಸ್ಥೆಯನ್ನು ಅನುಮಾನಿಸಿ: ನಡುವೆ ಇರುವ ಎಚ್‌ಡಿಎಂಐ ಸ್ಪ್ಲಿಟರ್ ಅಥವಾ ಹಳೆಯ ಸೌಂಡ್‌ಬಾರ್ ತೆಗೆದು ನೇರವಾಗಿ ಟಿವಿಗೆ ಜೋಡಿಸಿ ನೋಡಿ. 4ಕೆಗೆ ಸಾಮಾನ್ಯವಾಗಿ ಎಚ್‌ಡಿಸಿಪಿ 2.2 ಬೇಕು, ಟಿವಿಯ ಎಲ್ಲ ಪೋರ್ಟ್‌ಗಳಲ್ಲೂ ಅದು ಇರುತ್ತದೆಂದಿಲ್ಲ.

ಕ್ಯಾಮೆರಾ ಚೆಂಡಿನ ಹಿಂದೆ ಓಡುವಾಗ ಚಿತ್ರ ತುಸು ಎಗರಿ ಎಗರಿ ಬಂದರೆ ಅದು ಫ್ರೇಮ್ ಲೆಕ್ಕದ ತೊಡಕು. ಪ್ರಸಾರ ಸೆಕೆಂಡಿಗೆ 50 ಫ್ರೇಮ್‌ (ಬಿಡಿ ಚಿತ್ರ) ಲೆಕ್ಕದಲ್ಲಿದ್ದು ಬಾಕ್ಸ್ 60ರಲ್ಲಿ ಹೊರಹಾಕುತ್ತಿದ್ದರೆ ಪ್ರತಿ ಐದು ಫ್ರೇಮ್‌ಗೊಂದು ಎರಡು ಸಲ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ರೇಟ್ ಹೊಂದಿಸುವ ಆಯ್ಕೆ ಇದ್ದರೆ ಆನ್ ಮಾಡಿ. ಚಲನೆಯನ್ನು ನುಣುಪಾಗಿ ತೋರಿಸುವ ಟಿವಿಯ ಮೋಷನ್ ಸ್ಮೂದಿಂಗ್ ಹೆಚ್ಚಿಟ್ಟರೆ ವೇಗದ ಚೆಂಡಿನ ಸುತ್ತ ಪ್ರಭಾವಳಿಯಂತೆ ಮಸುಕು ಹುಟ್ಟುತ್ತದೆ, ಅದನ್ನು ತೀರಾ ಕಡಿಮೆಗೆ ಇಳಿಸಿ.

ಪಂದ್ಯದ ಹಿಂದಿನ ದಿನ

ಲಾಗಿನ್ ಹಿಂದಿನ ದಿನವೇ ಮುಗಿಸಿ. ದೊಡ್ಡ ಪಂದ್ಯ ಶುರುವಾಗುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಒಟಿಪಿ ಕೇಳುತ್ತಾರೆ, ಅದು ಬರುವಷ್ಟರಲ್ಲಿ ಮೊದಲ ವಿಕೆಟ್ ಬಿದ್ದಿರುತ್ತದೆ. ಆ್ಯಪ್ ಅಪ್‌ಡೇಟ್ ಮಾಡಿ, ಯಾವುದಾದರೂ ಲೈವ್ ಚಾನೆಲ್ ಹತ್ತು ನಿಮಿಷ ಓಡಿಸಿ ನೋಡಿ. ಖಾತೆಯಲ್ಲಿ ಲಾಗಿನ್ ಆಗಿರುವ ಹಳೆಯ ಫೋನು, ಮಾರಿದ ಟಿವಿ ಇವನ್ನೆಲ್ಲ ತೆಗೆದುಹಾಕಿ. ಟಿವಿಯ ದಿನಾಂಕ, ಸಮಯ ಸರಿ ಇದೆಯೇ ನೋಡಿ: ತಪ್ಪಿದ್ದರೆ ಸುರಕ್ಷಿತ ಸಂಪರ್ಕವೇ ಏರ್ಪಡದೆ ಆ್ಯಪ್ ಅರ್ಥವಾಗದ ದೋಷಸಂಖ್ಯೆ ತೋರಿಸುತ್ತದೆ. ನೀವಿರುವ ಜಾಗವನ್ನು ಮರೆಮಾಚುವ ವಿಪಿಎನ್ ಆನ್ ಇದ್ದರೆ ಆಫ್ ಮಾಡಿ.

ಫೋನುಗಳ ಫೋಟೋ ಬ್ಯಾಕಪ್ ಪಂದ್ಯದ ಹೊತ್ತಿಗೆ ನಡೆಯದಂತೆ ನೋಡಿಕೊಳ್ಳಿ. ಅಪ್‌ಲೋಡ್‌ಗೂ ಪಂದ್ಯಕ್ಕೂ ಏನು ಸಂಬಂಧ ಅನ್ನಿಸಬಹುದು. ಬಂದ ಡೇಟಾಕ್ಕೆ ‘ತಲುಪಿತು’ ಎಂಬ ಉತ್ತರ ವಾಪಸ್ ಹೋಗಬೇಕಲ್ಲ, ಅದು ಫೋಟೋಗಳ ಹಿಂದೆ ಸಾಲಿನಲ್ಲಿ ನಿಂತರೆ ಡೌನ್‌ಲೋಡ್ ಕೂಡ ಕುಂಟುತ್ತದೆ. ಯಾವ ಸಾಧನಕ್ಕೆ ಮೊದಲು ನೆಟ್ ಸಿಗಬೇಕೆಂದು ಹೇಳುವ ಕ್ಯೂಒಎಸ್ ಸೌಲಭ್ಯ ರೂಟರ್‌ನಲ್ಲಿದ್ದರೆ ಟಿವಿಗೆ ಆದ್ಯತೆ ಕೊಡಿ.

ಉಚಿತ ಎಂದು ಹೇಳಿ ಬರುವ ಲಿಂಕ್‌ಗಳ ತಂಟೆಗೆ ಹೋಗಬೇಡಿ. ಪಂದ್ಯ ತೋರಿಸುವ ಮುಂಚೆ ಕಾರ್ಡ್ ವಿವರ ಕೇಳುವ, ಎಪಿಕೆ (ಆಂಡ್ರಾಯ್ಡ್ ಆ್ಯಪ್‌ನ ಕಡತ) ಹಾಕಿಕೊಳ್ಳಿ ಎನ್ನುವ ಪುಟಗಳು ಹಣ ಮತ್ತು ಖಾತೆ ಕದಿಯಲೆಂದೇ ಹುಟ್ಟಿಕೊಂಡವು.

ಮಧ್ಯದಲ್ಲಿ ನಿಂತುಹೋದರೆ

ಅವಸರದಲ್ಲಿ ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಬೇಡಿ, ದೋಷ ಎಲ್ಲಿದೆ ಎಂದು ಗೊತ್ತಾಗದೆ ಉಳಿಯುತ್ತದೆ. ಮೊದಲು ಅದೇ ಟಿವಿಯಲ್ಲಿ ಬೇರೆ ಆ್ಯಪ್ ತೆರೆಯಿರಿ. ಅದು ಸರಾಗವಾಗಿ ಓಡಿದರೆ ಟಿವಿಯೂ ನೆಟ್ಟೂ ಬಹುತೇಕ ಸರಿ ಇವೆ. ಆಗ ಪಂದ್ಯದ ಆ್ಯಪ್ಪನ್ನು ಪೂರ್ತಿ ಮುಚ್ಚಿ ತೆರೆಯಿರಿ; ಸರ್ವರ್ ತಿಣುಕುತ್ತಿದ್ದರೆ ಕಾಯದೆ ವಿಧಿಯಿಲ್ಲ. ಬೇರೆ ಆ್ಯಪ್ ಕೂಡ ತಡವರಿಸಿದರೆ ಅದೇ ವೈಫೈನಲ್ಲಿ ಫೋನಿನಲ್ಲಿ ನೋಡಿ. ಫೋನಿನಲ್ಲಿ ಚೆನ್ನಾಗಿದ್ದರೆ ತೊಂದರೆ ಟಿವಿಯದ್ದು. ರಿಮೋಟ್‌ನಲ್ಲಿ ಆಫ್ ಮಾಡಿದರೆ ಟಿವಿ ನಿದ್ದೆಗೆ ಹೋಗುತ್ತದೆ ಅಷ್ಟೇ. ಪ್ಲಗ್ ಕಿತ್ತು ಅರ್ಧ ನಿಮಿಷ ಬಿಟ್ಟು ಹಾಕಿದರೆ ನಿಜವಾಗಿ ರೀಸ್ಟಾರ್ಟ್ ಆಗುತ್ತದೆ. ಫೋನಿನಲ್ಲೂ ನಿಂತರೆ ರೂಟರನ್ನೂ ಹಾಗೇ ಮಾಡಿ. ಆ್ಯಪ್ ಅಳಿಸಿ ಮತ್ತೆ ಹಾಕುವ ಕೆಲಸ ಮಾತ್ರ ಪಂದ್ಯ ನಡೆಯುವಾಗ ಬೇಡ. ಲಾಗಿನ್, ಒಟಿಪಿ ಎಲ್ಲ ಮೊದಲಿನಿಂದ ಆಗಬೇಕು. ಲೈನೇ ಹೋದರೆ ಫೋನಿನ ಹಾಟ್‌ಸ್ಪಾಟ್‌ಗೆ ಟಿವಿಯನ್ನು ಜೋಡಿಸಿ. ಅದರ ಪಾಸ್‌ವರ್ಡನ್ನು ಹಿಂದಿನ ದಿನವೇ ಟಿವಿಯಲ್ಲಿ ಹಾಕಿಟ್ಟಿದ್ದರೆ ಒಂದು ಓವರ್ ಮುಗಿಯುವುದರೊಳಗೆ ಚಿತ್ರ ವಾಪಸ್ ಬಂದಿರುತ್ತದೆ.

ಟೂರ್ನಿ ಮುಗಿದ ಮೇಲೆ

ವರ್ಷವಿಡೀ ಚಂದಾ ಕಟ್ಟುವ ಅಗತ್ಯ ಬಹಳ ಜನಕ್ಕಿಲ್ಲ. ತಿಂಗಳ ಪ್ಲಾನ್ ಇದ್ದರೆ ಟೂರ್ನಿಯ ತಿಂಗಳಿಗಷ್ಟೇ ತೆಗೆದುಕೊಂಡು, ಆಟೋ ರಿನ್ಯೂವಲ್ ಅನ್ನು ಕೂಡಲೇ ರದ್ದು ಮಾಡಿ. ಸಾಮಾನ್ಯವಾಗಿ ಅವಧಿ ಮುಗಿಯುವವರೆಗೂ ನೋಡಬಹುದು, ಆದರೂ ಉಚಿತ ಟ್ರಯಲ್‌ಗಳಲ್ಲಿ ರದ್ದು ಮಾಡಿದ ಕ್ಷಣವೇ ಬಾಗಿಲು ಮುಚ್ಚುವ ಸೇವೆಗಳಿವೆ, ಷರತ್ತು ಓದಿಕೊಳ್ಳಿ. ಫೋನಿನಿಂದ ಆ್ಯಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ. ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್ ಮೂಲಕ ಕಟ್ಟಿದ್ದರೆ ಅಲ್ಲಿಯೇ, ಸೇವೆಯ ತಾಣದಲ್ಲಿ ಕಟ್ಟಿದ್ದರೆ ಆ ತಾಣದಲ್ಲಿಯೇ, ಟೆಲಿಕಾಂ ಪ್ಲಾನ್ ಜೊತೆ ಬಂದಿದ್ದರೆ ಆ ಕಂಪನಿಯ ಮೂಲಕವೇ ರದ್ದು ಮಾಡಬೇಕು. ಹಣ ಕಟ್ಟಿದ ದಿನ ಬಂದ ರಸೀದಿ ಇಮೇಲ್‌ನಲ್ಲಿ ಯಾರ ಹೆಸರಿದೆಯೋ ಅವರಲ್ಲಿಗೇ ಹೋಗಿ.