ವಿದ್ಯುತ್ಕಾಂತೀಯ ರೋಹಿತವನ್ನು ಅಳೆದು ಕಲಿಸಿದ ನನ್ನ ಅನುಭವ

ದ್ವಿತೀಯ ಪಿಯುಸಿ ಭೌತಶಾಸ್ತ್ರದ ಎಂಟನೆಯ ಅಧ್ಯಾಯವಾದ ‘ವಿದ್ಯುತ್ಕಾಂತೀಯ ತರಂಗಗಳು’ ಪುಟಗಳ ಲೆಕ್ಕದಲ್ಲಿ ಚಿಕ್ಕದು, ಪರೀಕ್ಷೆಯಲ್ಲಿ ಅದಕ್ಕೆ ಸಿಗುವ ಅಂಕಗಳೂ ಕಡಿಮೆ. ಹೀಗಾಗಿ ರೇಡಿಯೋ ತರಂಗದಿಂದ ಗಾಮಾ ಕಿರಣದವರೆಗಿನ ಸಾಲಿನ, ಅಂದರೆ ರೋಹಿತದ, ಏಳು ಹೆಸರುಗಳನ್ನೂ ಅವುಗಳ ಉಪಯೋಗಗಳನ್ನೂ ಬಾಯಿಪಾಠ ಮಾಡಿಸಿ ಮುಂದಕ್ಕೆ ಹೋಗುವುದು ಬಹುತೇಕ ಕಡೆ ರೂಢಿಯಾಗಿದೆ. ಮಲೆನಾಡಿನ ಒಂದು ಪದವಿಪೂರ್ವ ಕಾಲೇಜಿನ ಉಪನ್ಯಾಸಕನಾಗಿ ನನಗೆ ಈ ರೂಢಿ ಸರಿಬರಲಿಲ್ಲ. ಆ ಏಳು ಹೆಸರುಗಳು ಮನುಷ್ಯರು ಒಂದೊಂದನ್ನೂ ಬೇರೆ ಬೇರೆ ಕಾಲದಲ್ಲಿ ಕಂಡುಕೊಂಡಿದ್ದರಿಂದ ಬಂದವು. ನಿಸರ್ಗದಲ್ಲಿರುವುದು ಒಂದೇ ಬಗೆಯ ಅಲೆ. ವಿದ್ಯುತ್ ಕ್ಷೇತ್ರ ಬದಲಾದಾಗ ಕಾಂತಕ್ಷೇತ್ರ ಹುಟ್ಟುತ್ತದೆ, ಕಾಂತಕ್ಷೇತ್ರ ಬದಲಾದಾಗ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ಒಂದಕ್ಕೊಂದು ಲಂಬವಾಗಿರುವ ಈ ಎರಡೂ ಯಾವ ಮಾಧ್ಯಮದ ಆಸರೆಯೂ ಇಲ್ಲದೆ ಸೆಕೆಂಡಿಗೆ 29,97,92,458 ಮೀಟರ್ ವೇಗದಲ್ಲಿ, ಅಂದರೆ ಬೆಳಕಿನ ವೇಗದಲ್ಲಿ, ಮುಂದೆ ಸಾಗುತ್ತವೆ. ಬೇರೆಯಾಗುವುದು ತರಂಗದೂರ (ಅಲೆಯ ಎರಡು ಏರುಗಳ ನಡುವಿನ ಅಂತರ) ಮತ್ತು ಆವೃತ್ತಿ (ಸೆಕೆಂಡಿಗೆ ಹಾಯುವ ಅಲೆಗಳ ಸಂಖ್ಯೆ) ಮಾತ್ರ, ಅವೆರಡರ ಗುಣಲಬ್ಧ ಯಾವಾಗಲೂ ಇದೇ ವೇಗ. ಇದನ್ನು ಮಕ್ಕಳು ನಂಬಬೇಕಾದರೆ ತಮ್ಮ ಕೈಯಿಂದಲೇ ಅಳೆಯಬೇಕು ಎಂದು ತೀರ್ಮಾನಿಸಿ, ಪಾಠವನ್ನು ಸಾಧ್ಯವಾದಷ್ಟೂ ಪ್ರಯೋಗಶಾಲೆಗೆ ಒಯ್ದೆ.

ಮೊದಲು ಬೇಕಾದದ್ದು ಅಲೆ ಹುಟ್ಟುವುದನ್ನು ತೋರಿಸುವುದು. ಮ್ಯಾಕ್ಸ್‌ವೆಲ್ 1865ರಲ್ಲಿ ಸಮೀಕರಣಗಳ ಮೂಲಕ ಹೇಳಿದ್ದನ್ನು ಹೈನ್ರಿಕ್ ಹರ್ಟ್ಸ್ 1887–88ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಕಿಡಿ ಹಾರಿಸಿ ಸಾಧಿಸಿ ತೋರಿಸಿದ. ಅದೇ ಕೆಲಸವನ್ನು ಅಡುಗೆಮನೆಯ ಗ್ಯಾಸ್ ಲೈಟರ್ ಮಾಡುತ್ತದೆ. ಟ್ರಾನ್ಸಿಸ್ಟರ್ ರೇಡಿಯೋವನ್ನು ಮಧ್ಯಮ ತರಂಗಕ್ಕೆ ಹಾಕಿ, ಯಾವ ಕೇಂದ್ರವೂ ಸಿಗದ ಜಾಗದಲ್ಲಿ ಮುಳ್ಳನ್ನು ನಿಲ್ಲಿಸಿ, ಸ್ವಲ್ಪ ದೂರದಲ್ಲಿ ಲೈಟರ್ ಒತ್ತಿದರೆ ಪ್ರತಿ ಕಿಡಿಗೂ ರೇಡಿಯೋ ‘ಟಕ್’ ಎನ್ನುತ್ತದೆ. ಕಿಡಿಯಲ್ಲಿ ವಿದ್ಯುದಾವೇಶಗಳು ಥಟ್ಟನೆ ವೇಗ ಬದಲಿಸುತ್ತವೆ, ಆ ಬದಲಾವಣೆಯೇ ಅಲೆಯಾಗಿ ಹೊರಡುತ್ತದೆ. ಮುಂಗಾರಿಗೆ ಮೊದಲಿನ ಗುಡುಗು ಮಳೆಯ ದಿನಗಳಲ್ಲಿ ರೇಡಿಯೋದಲ್ಲಿ ಚರಚರ ಸದ್ದು ಬರುವುದನ್ನು ನಮ್ಮ ಊರಿನ ಮಕ್ಕಳೆಲ್ಲ ಬಲ್ಲರು. ಅದು ದೂರದ ಮಿಂಚಿನಿಂದ ಬಂದ ಇದೇ ಅಲೆ ಎಂದು ಹೇಳಿದಾಗ ತರಗತಿಯಲ್ಲಿ ವಿವರಣೆಯ ಅಗತ್ಯವೇ ಉಳಿಯಲಿಲ್ಲ.

ಅದೇ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿಯನ್ನು ಹಿಡಿದೆವು. ಅದರ ಆವೃತ್ತಿ 675 ಕಿಲೋಹರ್ಟ್ಸ್. ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ತರಂಗದೂರ ಸುಮಾರು 444 ಮೀಟರ್. ಇಷ್ಟು ಉದ್ದದ ಅಲೆಗೆ ಹೊಂದುವ ಆಂಟೆನಾ ಅಂಗೈಯಗಲದ ಪೆಟ್ಟಿಗೆಯಲ್ಲಿ ಇರಲಾರದು. ಆದ್ದರಿಂದ ಒಳಗೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಡ್ಡಿಗೆ ತಂತಿ ಸುತ್ತಿ, ಅಲೆಯ ಕಾಂತಕ್ಷೇತ್ರವನ್ನು ಹಿಡಿಯುವ ಏರ್ಪಾಡು ಮಾಡಿರುತ್ತಾರೆ. ರೇಡಿಯೋವನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ಒಂದು ದಿಕ್ಕಿನಲ್ಲಿ ದನಿ ಕುಗ್ಗುತ್ತದೆ. ಆಗ ಕಡ್ಡಿಯ ತುದಿ ಪ್ರಸಾರ ಕೇಂದ್ರದ ಕಡೆಗೆ ಇರುತ್ತದೆ. ಎಫ್‌ಎಂ ಪಟ್ಟಿಗೆ ಬಂದರೆ 100 ಮೆಗಾಹರ್ಟ್ಸ್‌ನ ಅಲೆ 3 ಮೀಟರ್ ಉದ್ದದ್ದು, ಅದರ ಕಾಲು ಭಾಗ 75 ಸೆಂಟಿಮೀಟರ್. ಹೊರಗೆ ಎಳೆಯುವ ಕಡ್ಡಿಯನ್ನು ಅಳೆದ ವಿದ್ಯಾರ್ಥಿನಿಯೊಬ್ಬಳು ಅದರ ಉದ್ದವೂ ಹೆಚ್ಚುಕಡಿಮೆ ಅಷ್ಟೇ ಎಂದು ತಾನಾಗಿ ಹೇಳಿದಳು. ಅಲೆಯನ್ನು ಹಿಡಿಯುವ, ತಡೆಯುವ, ಬಗ್ಗಿಸುವ ಸಾಧನದ ಅಳತೆಗೂ ಅಲೆಯ ಅಳತೆಗೂ ನಂಟಿದೆ ಎಂಬುದು ಇಡೀ ರೋಹಿತಕ್ಕೆ ಕೀಲಿಕೈ ಎಂದು ನಾನು ಭಾವಿಸುತ್ತೇನೆ. ಮುಂದಿನ ಪ್ರಯೋಗಗಳನ್ನೆಲ್ಲ ಇದರ ಸುತ್ತಲೇ ಕಟ್ಟಿದೆ.

ನನಗೆ ಅತ್ಯಂತ ಪ್ರಿಯವಾದದ್ದು ಹಪ್ಪಳದ ಪ್ರಯೋಗ. ಮನೆಯ ಮೈಕ್ರೋವೇವ್ ಓವನ್ನನ್ನು ಕಾಲೇಜಿಗೆ ಒಯ್ದು, ಒಳಗೆ ತಿರುಗುವ ಗಾಜಿನ ತಟ್ಟೆಯನ್ನೂ ಅದರ ಕೆಳಗಿನ ಉರುಳುವ ಬಳೆಯನ್ನೂ ತೆಗೆದಿಟ್ಟೆ. ನಡುವಿನ ತಿರುಗುವ ಗುಬುಟಿಗೆ ತಾಗದ ಹಾಗೆ ಅದರ ಮೇಲೆ ಅಗಲವಾದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ಚಪ್ಪಟೆಯಾದ ತಟ್ಟೆ ಇಟ್ಟು, ತಟ್ಟೆಯ ತುಂಬ ಉದ್ದಿನ ಹಸಿ ಹಪ್ಪಳಗಳನ್ನು ಹರಡಿದೆ. ತಟ್ಟೆ ಅಲುಗಾಡದೆ ನಿಂತಿರುವುದು ಇಲ್ಲಿ ಮುಖ್ಯ. ಓವನ್ ಚಾಲೂ ಮಾಡಿ ಬಾಗಿಲ ಗಾಜಿನಿಂದ ನೋಡುತ್ತಿದ್ದು, ಹಪ್ಪಳದ ಮೇಲೆ ಮೊದಲ ಬೊಬ್ಬೆಗಳು ಏಳುತ್ತಿದ್ದಂತೆ ನಿಲ್ಲಿಸಬೇಕು. ಹೆಚ್ಚು ಹೊತ್ತು ಬಿಟ್ಟರೆ ಬಿಸಿ ಎಲ್ಲೆಡೆ ಹರಡಿ ಗುರುತು ಅಳಿಸಿಹೋಗುತ್ತದೆ. ಹೊರತೆಗೆದಾಗ ಕೆಲವು ಕಡೆ ಹಪ್ಪಳ ಅರಳಿ ಬೆಳ್ಳಗಾಗಿರುತ್ತದೆ, ಅದರ ಪಕ್ಕದಲ್ಲೇ ಹಸಿಯಾಗಿ ಉಳಿದಿರುತ್ತದೆ. ಲೋಹದ ಗೋಡೆಗಳಿಂದ ಮರಳಿದ ಅಲೆಗಳು ಹೋಗುತ್ತಿರುವ ಅಲೆಗಳೊಡನೆ ಸೇರಿ, ಮುಂದೆ ಸಾಗದೆ ನಿಂತಲ್ಲೇ ಏರಿಳಿಯುವ ಸ್ಥಾಯಿ ತರಂಗವಾಗುತ್ತವೆ. ವಿದ್ಯುತ್ ಕ್ಷೇತ್ರ ಜೋರಾಗಿ ಏರಿಳಿಯುವ ಜಾಗದಲ್ಲಿ ಹಪ್ಪಳದೊಳಗಿನ ತೇವಾಂಶ ಬಿಸಿಯಾಗುತ್ತದೆ, ಕ್ಷೇತ್ರ ಶೂನ್ಯವಾಗಿರುವ ಜಾಗ ತಣ್ಣಗಿರುತ್ತದೆ. ಎರಡು ಅರಳಿದ ಜಾಗಗಳ ನಡುವಿನ ಅಂತರ ತರಂಗದೂರದ ಅರ್ಧ.

ಮಕ್ಕಳು ಸ್ಕೇಲ್ ಹಿಡಿದು ಅಳೆದಾಗ ಬೇರೆ ಬೇರೆ ಜೋಡಿಗಳಿಗೆ ಬೇರೆ ಬೇರೆ ಸಂಖ್ಯೆಗಳು ಬಂದವು. ಪೆಟ್ಟಿಗೆಯೊಳಗೆ ಅಲೆಗಳು ಮೂರು ದಿಕ್ಕಿನಲ್ಲೂ ಓಡಾಡುವುದರಿಂದ ಇದು ಸಹಜ. ಸರಾಸರಿ ಸುಮಾರು 6 ಸೆಂಟಿಮೀಟರ್ ಬಂತು, ಅಂದರೆ ತರಂಗದೂರ 12 ಸೆಂಟಿಮೀಟರ್. ಓವನ್ನಿನ ಹಿಂಬದಿಯ ಚೀಟಿಯಲ್ಲಿ 2450 ಮೆಗಾಹರ್ಟ್ಸ್ ಎಂದು ಅಚ್ಚಾಗಿತ್ತು. ಗುಣಿಸಿದರೆ ಸೆಕೆಂಡಿಗೆ 29.4 ಕೋಟಿ ಮೀಟರ್. ಹಪ್ಪಳ ಮತ್ತು ಸ್ಕೇಲ್ ಹಿಡಿದು ಬೆಳಕಿನ ವೇಗದ ಇಷ್ಟು ಸಮೀಪಕ್ಕೆ ಬಂದದ್ದು ತರಗತಿಗೆ ಕೊಟ್ಟ ಸಂತೋಷ ಸಣ್ಣದಲ್ಲ. ಓವನ್ನನ್ನು ಖಾಲಿ ಓಡಿಸಬಾರದು, ಸ್ಟೀಲ್ ಪಾತ್ರೆ ಒಳಗಿಡಬಾರದು ಎಂಬ ಎಚ್ಚರಿಕೆಯನ್ನು ಮೊದಲೇ ಹೇಳಿದ್ದೆ.

ಓವನ್ನಿನ ಬಾಗಿಲಲ್ಲಿರುವ ತೂತು ತೂತಿನ ಲೋಹದ ಹಾಳೆಯ ಕಡೆಗೂ ಗಮನ ಸೆಳೆದೆ. ಒಂದೆರಡು ಮಿಲಿಮೀಟರ್ ಅಗಲದ ಆ ತೂತುಗಳು 12 ಸೆಂಟಿಮೀಟರ್ ಅಲೆಗೆ ಗೋಡೆಯಂತೆಯೇ ವರ್ತಿಸುತ್ತವೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಕಿರಿದಾದ ಬೆಳಕಿನ ಅಲೆಗೆ ಅದೇ ತೂತುಗಳು ಹೆಬ್ಬಾಗಿಲು. ಪುಣೆಯ ಬಳಿ ಖೋಡದ್‌ನಲ್ಲಿರುವ ದೈತ್ಯ ರೇಡಿಯೋ ದೂರದರ್ಶಕದ 45 ಮೀಟರ್ ವ್ಯಾಸದ 30 ತಟ್ಟೆಗಳನ್ನು ತಂತಿಬಲೆಯಿಂದ ಹೆಣೆದಿರುವುದಕ್ಕೆ ಕಾರಣ ಇದೇ. ರೇಡಿಯೋ ಅಲೆಗಳು ಬಲೆಯನ್ನು ಕನ್ನಡಿಯೆಂದೇ ಕಾಣುತ್ತವೆ, ಗಾಳಿ ಮಾತ್ರ ನುಸುಳಿ ಹೋಗುತ್ತದೆ. ನಮ್ಮದೇ ರಾಜ್ಯದ ಗೌರಿಬಿದನೂರಿನಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಲು ತಟ್ಟೆಯನ್ನೇ ಬಿಟ್ಟು, ಸುಮಾರು 1.4 ಕಿಲೋಮೀಟರ್ ಉದ್ದಕ್ಕೆ ದ್ವಿಧ್ರುವ (ಎರಡು ತೋಳುಗಳ) ಆಂಟೆನಾಗಳನ್ನು ಸಾಲಾಗಿ ನೆಟ್ಟರು. ಅಲ್ಲಿ ಅಲೆಯ ಉದ್ದವೇ 8.7 ಮೀಟರ್ ಇದ್ದುದರಿಂದ ಸೂಕ್ಷ್ಮವಾಗಿ ನೋಡಲು ಅಷ್ಟು ಹರಹು ಬೇಕಾಯಿತು.

ಕೆಂಪು ಬೆಳಕಿಗಿಂತ ತುಸು ಉದ್ದದ ಅಲೆಯಾದ ಅವಕೆಂಪಿಗೆ ಹೆಚ್ಚು ಹೊತ್ತು ಕೊಡಲಿಲ್ಲ. ಟಿವಿ ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ ಕಣ್ಣಿಗೆ ಕಾಣದ 940 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ) ಕಿರಣ ನಸುನೇರಳೆಯಾಗಿ ಮಿನುಗುತ್ತದೆ. ಹಿಂಬದಿಯ ಕ್ಯಾಮೆರಾಗಳಲ್ಲಿ ಅವಕೆಂಪನ್ನು ತಡೆಯುವ ಸೋಸುಗಾಜು ಬಲವಾಗಿರುವುದರಿಂದ ಮುಂಬದಿಯದನ್ನು ಬಳಸುವುದು ಒಳ್ಳೆಯದು. ಚಿಕ್ಕ ಸೌರಫಲಕವೊಂದನ್ನು ಸ್ಪೀಕರಿಗೆ ಜೋಡಿಸಿದಾಗ ರಿಮೋಟಿನ ಒಂದೊಂದು ಗುಂಡಿಯೂ ಗುರ್ ಎಂದು ಕೇಳಿಸಿತು.

ಬೆಳಕನ್ನು ಅಳೆಯಲು ಹಳೆಯ ಸಿ.ಡಿ. ಸಾಕು. ಅದರ ಸುರುಳಿಯ ಸಾಲುಗಳ ನಡುವಿನ ಅಂತರ 1600 ನ್ಯಾನೋಮೀಟರ್; ಅವುಗಳನ್ನು ಹಾಯುವ ಬೆಳಕು ತನ್ನ ತರಂಗದೂರಕ್ಕೆ ತಕ್ಕ ಕೋನದಲ್ಲಿ ಬಾಗುತ್ತದೆ. ಅಂಟುಪಟ್ಟಿಯಿಂದ ಹೊಳಪಿನ ಪದರವನ್ನು ಕಿತ್ತು, ಪಾರದರ್ಶಕವಾದ ಬಿಲ್ಲೆಯ ಮೂಲಕ ಲೇಸರ್ ಕಿರಣವನ್ನು ನೇರವಾಗಿ ಹಾಯಿಸಿ, 50 ಸೆಂಟಿಮೀಟರ್ ಆಚೆ ಬಿಳಿ ಹಾಳೆ ನಿಲ್ಲಿಸಿದೆವು. ಕೆಂಪು ಚುಕ್ಕೆ ನಡುವಿನಿಂದ ಸುಮಾರು 22 ಸೆಂಟಿಮೀಟರ್ ದೂರಕ್ಕೆ, ಹಸಿರು ಚುಕ್ಕೆ ಸುಮಾರು 17.5 ಸೆಂಟಿಮೀಟರಿಗೆ ಬಿದ್ದವು. ಲೆಕ್ಕ ಹಾಕಿದರೆ ಕೆಂಪಿಗೆ 650, ಹಸಿರಿಗೆ 530ರ ಆಸುಪಾಸಿನ ನ್ಯಾನೋಮೀಟರ್ ಬರುತ್ತದೆ. 444 ಮೀಟರಿನ ಅಲೆಯನ್ನು ಕೇಳಿದ್ದ ಅದೇ ಮೇಜಿನ ಮೇಲೆ ಅದರ ಅರವತ್ತೆಂಟು ಕೋಟಿಯಲ್ಲೊಂದು ಪಾಲಿನ ಅಲೆಯನ್ನು ಅಳೆದಿದ್ದೆವು. ಲೇಸರ್ ಯಾರ ಕಣ್ಣಿಗೂ ಬೀಳದಂತೆ ಅದನ್ನು ಸ್ಟ್ಯಾಂಡಿಗೆ ಬಿಗಿದಿಡಬೇಕು, ಕೈಯಲ್ಲಿ ಹಿಡಿಯಬಾರದು.

ಅತಿನೇರಳೆಯ ಪಾಠದಲ್ಲಿ ಮತ್ತೊಂದು ವಿಚಾರ ಸೇರಬೇಕು. ಕತ್ತಲಲ್ಲಿ ಹೊಳೆಯುವ ನಕ್ಷತ್ರದ ಸ್ಟಿಕರಿನ ಮೇಲೆ ಕೆಂಪು ಲೇಸರನ್ನು ಎಷ್ಟು ಹೊತ್ತು ಬಿಟ್ಟರೂ ಅದು ಹೊಳೆಯುವುದಿಲ್ಲ; ನೋಟು ಪರೀಕ್ಷಿಸುವ ಮಂದವಾದ ಅತಿನೇರಳೆ ದೀಪವನ್ನು ಕ್ಷಣಕಾಲ ಹಿಡಿದರೆ ಸಾಕು. ಬೆಳಕಿನ ಶಕ್ತಿ ಕಣಕಣವಾಗಿ ಬರುತ್ತದೆ ಎಂದೂ ಒಂದೊಂದು ಕಣದ ಶಕ್ತಿ ಆವೃತ್ತಿಯೊಡನೆ ಏರುತ್ತದೆ ಎಂದೂ ಐನ್‌ಸ್ಟೈನ್ 1905ರಲ್ಲಿ ಹೇಳಿದ್ದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷ್ಯ ನನಗೆ ಗೊತ್ತಿಲ್ಲ. ಕೆಂಪಿನ ಒಂದು ಕಣಕ್ಕೆ 1.9 ಎಲೆಕ್ಟ್ರಾನ್ ವೋಲ್ಟ್ (ಇಂಥ ಕಣಗಳ ಶಕ್ತಿಯನ್ನು ಅಳೆಯುವ ಮಾನ), 365 ನ್ಯಾನೋಮೀಟರಿನ ಅತಿನೇರಳೆಗೆ 3.4.

‘ಸರ್, ನಮ್ಮ ಮನೆ ಹತ್ತಿರದ ಮೊಬೈಲ್ ಟವರಿನಿಂದ ಅಪಾಯ ಇದೆಯಾ?’ ಎಂಬ ಪ್ರಶ್ನೆ ಪ್ರತಿ ವರ್ಷ ಇಲ್ಲಿಯೇ ಬರುತ್ತದೆ, ಅದನ್ನು ಗೌರವದಿಂದಲೇ ಉತ್ತರಿಸಬೇಕು. ಸುಮಾರು 700ರಿಂದ 3500 ಮೆಗಾಹರ್ಟ್ಸ್‌ವರೆಗಿನ ಆ ಅಲೆಗಳ ಒಂದು ಕಣದ ಶಕ್ತಿ ಕೆಂಪು ಬೆಳಕಿನ ಕಣದ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಅಣುಗಳ ಬಂಧ ಒಡೆಯಲು ಅದಕ್ಕೆ ಶಕ್ತಿ ಸಾಲದು. ತೀವ್ರತೆ ಹೆಚ್ಚಿದರೆ ಹಪ್ಪಳಕ್ಕೆ ಆದಂತೆ ಬಿಸಿಯಾಗುತ್ತದೆ, ಮಿತಿಗಳನ್ನು ನಿಗದಿಪಡಿಸುವುದು ಆ ಬಿಸಿಯನ್ನು ಲೆಕ್ಕಕ್ಕೆ ಹಿಡಿದು. ಅತಿನೇರಳೆಯ ಆಚೆಗಿನ ಕ್ಷಕಿರಣ (ಎಕ್ಸ್-ರೇ), ಗಾಮಾ ಕಿರಣಗಳ ಮಾತು ಬೇರೆ. ಅವು ಪರಮಾಣುವಿನಿಂದ ಎಲೆಕ್ಟ್ರಾನನ್ನೇ ಕಿತ್ತೊಗೆಯಬಲ್ಲವು.

ಹಾಗಾಗಿ ಅವೆರಡನ್ನು ತರಗತಿಗೆ ತರುವಂತಿಲ್ಲ. ಆದರೂ ಅಳತೆಯ ಕಥೆ ನಿಲ್ಲುವುದಿಲ್ಲ. ಕ್ಷಕಿರಣಕ್ಕೆ ಸಿ.ಡಿ.ಯ ಸಾಲುಗಳು ಬಹಳ ದೂರ ದೂರವಾದವು. ಪರಮಾಣುಗಳೇ ಸಾಲಾಗಿ ನಿಂತಿರುವ ಹರಳು ಬೇಕು. ಜರ್ಮನ್ ಭೌತವಿಜ್ಞಾನಿ ಮ್ಯಾಕ್ಸ್ ಫಾನ್ ಲಾವೆಯ ಸಲಹೆಯಂತೆ 1912ರಲ್ಲಿ ಮ್ಯೂನಿಕ್‌ನಲ್ಲಿ ಹರಳಿನ ಮೂಲಕ ಕ್ಷಕಿರಣ ಹಾಯಿಸಿ, ಛಾಯಾಫಲಕದ ಮೇಲೆ ಚುಕ್ಕೆಗಳನ್ನು ಪಡೆದಾಗ ಮೊದಲು ಬಳಸಿದ ಹರಳು ತಾಮ್ರದ ಸಲ್ಫೇಟಿನದು, ಅಂದರೆ ಅಡಿಕೆಯ ಕೊಳೆರೋಗಕ್ಕೆ ನಮ್ಮವರು ಸುಣ್ಣದೊಡನೆ ಬೆರೆಸಿ ಸಿಂಪಡಿಸುವ ಮೈಲುತುತ್ತದ್ದು. ತೋಟದ ಮನೆಯ ಮಕ್ಕಳು ಅದನ್ನು ತಂದರು, ಬಿಸಿನೀರಿನಲ್ಲಿ ಕರಗಿಸಿ ದಾರ ಇಳಿಬಿಟ್ಟು ನೀಲಿ ಹರಳುಗಳನ್ನು ಬೆಳೆಸಿದೆವು. ರೆಕಾರ್ಡ್ ಪುಸ್ತಕದ ಪಟ್ಟಿಯಲ್ಲಿ ಈಗ ಪ್ರತಿ ಅಲೆಯ ಮುಂದೆ ತರಂಗದೂರ ಮತ್ತು ಆವೃತ್ತಿಯ ಜೊತೆಗೆ ‘ಯಾವುದರಿಂದ ಅಳೆದದ್ದು’ ಎಂಬ ಇನ್ನೊಂದು ಕಲಮನ್ನು ಬರೆಸುತ್ತೇನೆ. ಮೈಕ್ರೋತರಂಗದ ಮುಂದೆ ಹಪ್ಪಳ, ಬೆಳಕಿನ ಮುಂದೆ ಸಿ.ಡಿ., ಕ್ಷಕಿರಣದ ಮುಂದೆ ಹರಳು ಎಂದು ಅವರು ತುಂಬುತ್ತಾರೆ.