ಎನ್‌ಸಿಸಿ ಸೇರಬೇಕು ಅನ್ನುವ ಎಂಟನೇ ಕ್ಲಾಸಿನ ಹುಡುಗಿಯರಿಗೆ

ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಎಂಟನೇ ಕ್ಲಾಸಿನ ಮಕ್ಕಳು ಸ್ಟಾಫ್ ರೂಮಿನ ಬಾಗಿಲಿಗೆ ಬರುತ್ತಾರೆ. "ಮಿಸ್, ಎನ್‌ಸಿಸಿ ಸೆಲೆಕ್ಷನ್ ಯಾವಾಗ?" ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ, ಜೊತೆಗೆ ಎನ್‌ಸಿಸಿ (ನ್ಯಾಷನಲ್ ಕೆಡೆಟ್ ಕೋರ್) ಟ್ರೂಪ್, ಅಂದರೆ ಶಾಲೆಯ ಕೆಡೆಟ್ ಮಕ್ಕಳ ತಂಡ, ನೋಡಿಕೊಳ್ಳುತ್ತೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರ. ಆಧಾರ್, ಫೋಟೋ, ನಿಮ್ಮದೇ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಡಾಕ್ಟರ ಫಿಟ್ನೆಸ್ ಸರ್ಟಿಫಿಕೇಟ್, ಅಪ್ಪ ಅಥವಾ ಅಮ್ಮನ ಸಹಿ. ಎಲ್ಲದರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಲಿ. ಮನೆಯಲ್ಲಿ "ಹುಡುಗಿಗೆ ಯಾಕೆ ಇದೆಲ್ಲ" ಅಂದರೆ ಹೇಳಿ: ಎನ್‌ಸಿಸಿ 1948ರಲ್ಲಿ ಶುರುವಾಯಿತು, ಮರುವರ್ಷವೇ ಹುಡುಗಿಯರಿಗೂ ವಿಭಾಗ ಬಂತು. ನಿಮ್ಮ ಅಜ್ಜಿಯ ಕಾಲದಿಂದ ಇದೆ. ಸೇರಿದವರು ಸೈನ್ಯಕ್ಕೆ ಹೋಗಲೇಬೇಕು ಅನ್ನುವ ನಿಯಮವೂ ಇಲ್ಲ.

ಪರೇಡ್ ದಿನ ತಿಂಡಿ ತಿಂದೇ ಬನ್ನಿ. ಮೊದಲ ವರ್ಷ ನನ್ನ ಎದುರಿಗೇ ಒಬ್ಬಳು ಸಾವಧಾನ್‌ನಲ್ಲಿ ನಿಂತವಳು ಹಾಗೇ ಕುಸಿದಳು. ಬೆಳಗ್ಗೆಯಿಂದ ಒಂದು ಲೋಟ ಚಹಾ ಬಿಟ್ಟರೆ ಏನೂ ತಿಂದಿರಲಿಲ್ಲ. ಅವತ್ತಿನಿಂದ ಪರೇಡಿಗೆ ಮುಂಚೆ ಎಲ್ಲರನ್ನೂ ಕೇಳುತ್ತೇನೆ. ಜಾಸ್ತಿ ಹೊತ್ತು ನಿಲ್ಲಬೇಕಾದಾಗ ಮಂಡಿಯನ್ನು ಬಿಗಿಯಾಗಿ ಹಿಂದಕ್ಕೆ ಒತ್ತಬೇಡಿ. ಶೂ ಒಳಗೇ ಕಾಲ್ಬೆರಳು ಆಡಿಸುತ್ತಿರಿ. ಹೊರಗೆ ಯಾರಿಗೂ ಕಾಣುವುದಿಲ್ಲ.

ಈಗ ನನಗೆ ಬಹಳ ಇಷ್ಟದ ಭಾಗ, ಕಮಾಂಡ್ ಕೊಡುವುದು. ನಮ್ಮಲ್ಲಿ ಮಳೆಗಾಲದಲ್ಲಿ ಮೈದಾನವೆಲ್ಲ ಕೆಸರು, ಜಗುಲಿಯಲ್ಲೇ ಡ್ರಿಲ್. ಹತ್ತತ್ತು ಮಕ್ಕಳ ಸ್ಕ್ವಾಡ್ ಮಾಡಿ ಪ್ರತಿಯೊಬ್ಬಳನ್ನೂ ಎದುರಿಗೆ ನಿಲ್ಲಿಸುತ್ತೇನೆ. ಬರೀ ದನಿ ದೊಡ್ಡದಿರುವವಳನ್ನು ಅಲ್ಲ, ಎಲ್ಲರನ್ನೂ. ಕಮಾಂಡ್ ಹಿಂದಿಯಲ್ಲಿರುತ್ತದೆ. "ಪೀಛೇ ಮುಡ್" ಅಂದರೆ ಹಿಂದೆ ತಿರುಗು. "ಪೀಛೇ" ಅನ್ನುವುದನ್ನು ಎಳೆದು ಹೇಳಿ. ಸ್ವಲ್ಪ ತಡೆಯಿರಿ. ಆಮೇಲೆ "ಮುಡ್" ಅನ್ನುವುದು ಕತ್ತಿಯಿಂದ ಅಡಿಕೆ ಹೋಳು ಮಾಡಿದ ಹಾಗೆ ಬರಬೇಕು. ಆ ತಡೆಯುವ ಹೊತ್ತಿನಲ್ಲೇ ಕೊನೆಯ ಸಾಲಿನವಳಿಗೂ ಏನು ಮಾಡಬೇಕು ಅಂತ ಗೊತ್ತಾಗುವುದು. ಅವಸರ ಮಾಡಿದರೆ ಮುಂದಿನವರು ತಿರುಗಿರುತ್ತಾರೆ, ಹಿಂದಿನವರು ನಿಂತೇ ಇರುತ್ತಾರೆ. ಗಂಟಲು ಹರಿಯುವ ಹಾಗೆ ಕೂಗಬೇಡಿ. ಹೊಟ್ಟೆ ತುಂಬ ಉಸಿರು ತೆಗೆದುಕೊಂಡು ಹೇಳಿ. ಮನೆಯ ಅಂಗಳದ ಆ ತುದಿಯಲ್ಲಿ ತಂಗಿಯನ್ನು ನಿಲ್ಲಿಸಿ ಅಭ್ಯಾಸ ಮಾಡಿ. ಅವಳಿಗೆ ಸ್ಪಷ್ಟವಾಗಿ ಕೇಳಿಸಿದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾಗಿ "ಜೈಸೇ ಥೇ" ಅನ್ನುವ ಕಮಾಂಡ್ ಕಲಿಯಿರಿ. ಮೊದಲಿದ್ದ ಹಾಗೇ ಬನ್ನಿ ಅಂತ ಅರ್ಥ. ನೀವು ತಪ್ಪು ಕಮಾಂಡ್ ಕೊಟ್ಟಿರಿ ಅಂದುಕೊಳ್ಳಿ. ಸ್ಕ್ವಾಡನ್ನು ಬೈಯಬೇಡಿ, ನಾಚಿಕೊಂಡು ತಲೆ ತಗ್ಗಿಸಬೇಡಿ. ಅಷ್ಟೇ ಗಟ್ಟಿಯಾಗಿ "ಜೈಸೇ ಥೇ" ಅನ್ನಿ, ಸರಿಯಾದ ಕಮಾಂಡ್ ಕೊಡಿ. ಸಾರ್ಜೆಂಟ್, ಅಂದರೆ ಮಕ್ಕಳಲ್ಲೇ ಮುಂದಾಳು, ಯಾರಾಗಬೇಕು ಅಂತ ಆರಿಸುವಾಗ ನಾನು ನೋಡುವುದು ಇದನ್ನೇ.

ಸಮಾಜಸೇವೆಯಲ್ಲೂ ಇದು ಬೇಕಾಯಿತು. ಒಂದು ವರ್ಷ ನಾವು ಬಸ್‌ಸ್ಟ್ಯಾಂಡ್ ಗುಡಿಸಿದೆವು, ಫೋಟೋ ತೆಗೆಸಿಕೊಂಡೆವು. ಮುಂದಿನ ವಾರ ಹೋದರೆ ಮತ್ತೆ ಅದೇ ಕಸ. "ಮಿಸ್, ಜೈಸೇ ಥೇ" ಅಂದಳು ಒಬ್ಬಳು. ನಿಜ, ನಾವು ಶುರು ಮಾಡಿದ್ದೇ ತಪ್ಪಾಗಿತ್ತು. ಮಕ್ಕಳು ಅರ್ಧ ದಿನ ಕೂತು ನೋಡಿದರು. ಕಬ್ಬಿನ ಹಾಲಿನ ಅಂಗಡಿ ಹತ್ತಿರ ಲೋಟ ಬಿಸಾಡಲು ಒಂದು ಡಬ್ಬಿಯೂ ಇರಲಿಲ್ಲ. ಡಬ್ಬಿ ಇಡಿಸಿ ಅಂತ ಸಂಬಂಧಪಟ್ಟ ಕಚೇರಿಗೆ ಅರ್ಜಿ ಬರೆದರು. ಅರ್ಜಿ ಒಂದೇ ಪುಟ ಇರಲಿ: ಜಾಗ ಎಲ್ಲಿ, ತೊಂದರೆ ಏನು, ಏನಾಗಬೇಕು, ತಾರೀಕು, ಸಹಿ. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ. ಹದಿನೈದು ದಿನಕ್ಕೊಮ್ಮೆ ಹೋಗಿ ವಿಚಾರಿಸಿ. ನಮ್ಮ ಮಕ್ಕಳು ಮೂರು ಸಲ ಹೋದರು, ಡಬ್ಬಿ ಬಂತು.

ಇನ್ನು 'ಎ' ಸರ್ಟಿಫಿಕೇಟ್, ಅಂದರೆ ಹೈಸ್ಕೂಲಿನ ಎನ್‌ಸಿಸಿ ತರಬೇತಿ ಮುಗಿಸಿ ಪರೀಕ್ಷೆ ಪಾಸಾದವರಿಗೆ ಸಿಗುವ ಸರ್ಟಿಫಿಕೇಟ್. ಎರಡು ವರ್ಷದ ತರಬೇತಿಯಲ್ಲಿ ಶೇಕಡಾ 75 ಹಾಜರಿ ಇರಬೇಕು, ಒಂದು ಕ್ಯಾಂಪ್ ಆಗಿರಬೇಕು. ಆಮೇಲೆ ಪರೀಕ್ಷೆ. ಹಾಜರಿಯನ್ನು ನೀವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವರ್ಷದ ಕೊನೆಗೆ ಅಳುವ ಮಕ್ಕಳನ್ನು ಕಂಡಿದ್ದೇನೆ, ಆಗ ಏನೂ ಮಾಡೋಕಾಗಲ್ಲ.

ಹತ್ತು ದಿನದ ಕ್ಯಾಂಪಿಗೆ ತಟ್ಟೆ, ಲೋಟ, ಚಾದರ, ಬೀಗ, ಸೂಜಿದಾರ, ಹೇರ್‌ಪಿನ್, ಜಡೆಗೆ ನೆಟ್, ಪ್ಯಾಡ್ ಇರಲಿ. ಪ್ಯಾಡ್ ನಾಲ್ಕು ಜಾಸ್ತಿಯೇ ಇಟ್ಟುಕೊಳ್ಳಿ. ಪಕ್ಕದವಳು ಕೇಳೋಕೆ ನಾಚಿಕೊಳ್ಳಬಹುದು, ನೀವೇ ಮೊದಲು ಕೇಳಿ.